ಕಾಗೆ ಮುಟ್ಟದ ಎಡೆ

“ಕೇಳ್ರಪ್ಪೋ ಕೇಳಿ! ಬೊಮ್ಮರಸ ದೊರೆಗಳ ಮಗಳು ದೇವಾಜಮ್ಮಣ್ಣಿಯವರು ಮೂರು ಒಗಟು ಹಾಕ್ತಾರೆ. ಮೂರನ್ನೂ ಬಿಡಿಸಿದವನಿಗೆ ಅವರ ಕೈ, ಅರ್ಧ ರಾಜ್ಯ. ಒಂದು ತಪ್ಪಿದರೂ ಮಹಾಲಯ ಅಮಾವಾಸ್ಯೆಗೆ ತಲೆ ಹೋಯ್ತು. ತಲೆ ಭಾರ ಆದವರು ಬನ್ನಿ!”

ಕೊನೆಯ ಮಾತು ಡಂಗುರದವನು ಸೇರಿಸಿದ್ದು. ದೊರೆ ಹೇಳಿದ್ದಲ್ಲ.

ಆ ವಂಶದ ಹೆಣ್ಣುಮಕ್ಕಳು ಗಂಡನನ್ನು ಆರಿಸುತ್ತಿದ್ದುದೇ ಹಾಗೆ. ದೊರೆ ಒಪ್ಪಿದ. ಒಗಟು ಏನೆಂದು ಕೇಳಲಿಲ್ಲ. ಹೆಂಡತಿ ಚೆನ್ನಾಜಮ್ಮ ತೀರಿಕೊಂಡ ಮೇಲೆ ಅವನು ಯಾವುದನ್ನೂ ಕೇಳುತ್ತಿರಲಿಲ್ಲ. ಊಟಕ್ಕೆ ಕೂತರೆ ಎದುರಿನ ಮಣೆ ಖಾಲಿ. ಬೇಗ ಎದ್ದುಬಿಡುತ್ತಿದ್ದ.

ಅವಳು ಹೋದ ಮೇಲೆ ಎರಡು ಮಹಾಲಯ ಕಳೆದಿದ್ದವು. ಎರಡು ಸಲವೂ ಎಡೆ ಇಟ್ಟರು. ಕಾಗೆ ಮುಟ್ಟಲಿಲ್ಲ. ಅಮ್ಮನವರಿಗೆ ಏನೋ ಆಸೆ ಉಳಿದಿದೆ ಅಂದರು ಪುರೋಹಿತರು. ಏನು ಆಸೆ ಅಂತ ದೊರೆಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಮೊದಲು ಬಂದವನು ಗಡಿನಾಡಿನ ರಾಜಕುಮಾರ. ರೇಷ್ಮೆ ರುಮಾಲು ಸುತ್ತಿದ್ದ.

ದೇವಾಜಮ್ಮಣ್ಣಿ ಕೇಳಿದಳು, “ಕುಡಿಕೆಯಲ್ಲಿ ಬಂದ ನೆಂಟ. ಕೈಯಿಲ್ಲ, ಕಾಲಿಲ್ಲ. ಊರಿಗೆ ಊರೇ ನುಂಗಿದ. ಆ ಊರಲ್ಲಿ ಒಬ್ಬರೂ ಕೂಗಲಿಲ್ಲ. ಯಾರವನು?”

“ಇಷ್ಟೇನಾ? ಬೆಂಕಿ. ಕೆಂಡ ಕುಡಿಕೆಯಲ್ಲೇ ತಾನೇ ತರೋದು?”

“ಬೆಂಕಿ ಬಿದ್ದ ಊರು ಕೂಗೋದಿಲ್ವೇ?”

ರಾಜಕುಮಾರನನ್ನು ಸೆರೆಗೆ ಎಳೆದುಕೊಂಡು ಹೋದರು. ಕುಡಿಕೆ ಅಂದ ಕೂಡಲೇ ದೊರೆಗೆ ಉತ್ತರ ಗೊತ್ತಾಗಿತ್ತು. ತಪ್ಪು ಉತ್ತರ ಕೇಳಿ, ಸದ್ಯ ಅನಿಸಿತು. ಒಬ್ಬನ ತಲೆ ಹೋಗುತ್ತದೆ, ತನಗೆ ಸದ್ಯ ಅನಿಸುತ್ತದೆ. ನೆಲ ನೋಡುತ್ತ ಕೂತ.

ಆಮೇಲೆ ದಳವಾಯಿಯ ಮಗ ಬಂದ. ಯೋಚನೆ ಮಾಡಿಯೇ ಹೇಳಿದ.

“ವಿಷ. ಬಾವಿಗೆ ಒಂದು ಕುಡಿಕೆ ಸುರಿದರೆ ಊರು ಹೋಯ್ತು. ಕೂಗೋಕೂ ಬಿಡೋದಿಲ್ಲ.”

“ವಿಷಕ್ಕೆ ಹೊಟ್ಟೆ ಉಂಟೇನಣ್ಣ? ನಮ್ಮ ನೆಂಟ ಉಂಡು ಉಂಡು ಕೊಬ್ಬಿದ್ದಾನೆ.”

ಅವನೂ ಸೆರೆಗೆ ಹೋದ. ಮತ್ತೆ ಯಾರೂ ಬರಲಿಲ್ಲ. ಅಮಾವಾಸ್ಯೆ ಹತ್ತಿರವಾಯಿತು.

ಒಂದು ಬೆಳಗ್ಗೆ ಬೆಸ್ತರ ಜವರ ಬಂದ. ಬಾಗಿಲ ಕಾವಲಿನವನು ಮೂಗು ಮುಚ್ಚಿಕೊಂಡ.

“ಮೀನಿನ ವಾಸನೆ ಆಚೆ ಬಿಟ್ಟು ಬಾರೋ.”

“ಮೀನೇ ಇಲ್ಲ, ವಾಸನೆ ಎಲ್ಲಿಂದ ತರಲಣ್ಣ?”

ದೊರೆಗೆ ಗುರುತು ಹತ್ತಿತು. ಲಕ್ಕನ ಮಗ. ಚೆನ್ನಾಜಮ್ಮ ಹಾಸಿಗೆ ಹಿಡಿದಾಗ ಮಲೆಕೆರೆಗೆ ಕಳಿಸಿದ್ದು ಲಕ್ಕನನ್ನೇ. ಕೇಳಿದ ಮೀನು ಸಿಗದೆ ಅವನು ಖಾಲಿ ಬಲೆ ಹಿಡಿದು ಬಂದ. ದೊರೆ ಸೋಮಾರಿ ಅಂತ ಬೈದ. ಬಲೆ ಸುಡಿಸಿದ. ಊರು ಬಿಡಿಸಿದ.

“ಅಮ್ಮಣ್ಣಿ, ನಾನು ಮದುವೆಗೆ ಬಂದವನಲ್ಲ” ಅಂದ ಜವರ. “ನಮ್ಮಪ್ಪನಿಗೆ ಸೋಮಾರಿ ಅನ್ನೋ ಹೆಸರು ಅಂಟಿದೆ. ಅದು ಹೋಗಬೇಕು. ಕುಡಿಕೆಯಲ್ಲಿ ಬಂದ ನೆಂಟ ಚುಕ್ಕೆಮೀನು. ತಣ್ಣನೆ ದೇಶದ್ದು. ತಂದವರು ಟ್ರೌಟ್ ಅಂತಿದ್ರು. ಮರಿ ತಂದು ನಮ್ಮ ಕೆರೆಗೆ ಬಿಟ್ರು. ಅದು ಬೆಳ್ಳಿಪಕ್ಕೆ ಮೀನನ್ನೆಲ್ಲ ತಿಂದು ಮುಗಿಸ್ತು. ಮೀನು ಕೂಗೋದಿಲ್ವಲ್ಲ.”

“ಸರಿ” ಅಂದಳು ದೇವಾಜಮ್ಮಣ್ಣಿ.

ಗಾಳಕ್ಕೆ ಎಗರಾಡುವ ಮೀನು ಬೇಕು ಅಂತ ಅದನ್ನು ತರಿಸಿದವನು ದೊರೆ. ಬಿಟ್ಟ ದಿನ ಓಲಗ ಊದಿಸಿದ್ದ.

“ಎರಡನೆಯದು. ಆ ಮನೆಗೆ ಬಾಗಿಲಿಲ್ಲ, ಬೀಗವಿಲ್ಲ. ನೋಡಿದರೆ ತುಂಬಿದ ಮನೆ. ಒಳಗೆ ಮನೆಯವರಿಲ್ಲ. ಯಾವ ಮನೆ?”

“ಮಲೆಕೆರೆ. ನೀರು ಹಾಗೇ ಇದೆ. ದಡದ ಹುಲ್ಲು ಹಾಗೇ ಇದೆ. ಮೊದಲು ಬೆಳ್ಳಿಪಕ್ಕೆ ಹೋಯ್ತು. ಆಮೇಲೆ ಮಿಂಚುಳ್ಳಿ ಹೋಯ್ತು. ಆಮೇಲೆ ನಾವು ಹೋದ್ವಿ.”

“ಸರಿ. ಇನ್ನೊಂದು. ಸಾಯುವವಳು ಕೇಳಿದ್ದು ಒಂದು ಬೊಗಸೆ. ಕೊಡಬೇಕಾದವನ ಕೈಯಲ್ಲಿ ರಾಜ್ಯವೇ ಇತ್ತು. ಕೊಡೋಕಾಗಲಿಲ್ಲ. ಏನು ಕೇಳಿದಳು? ಯಾಕೆ ಸಿಗಲಿಲ್ಲ?”

ಜವರ ದೊರೆಯ ಕಡೆ ನೋಡಲಿಲ್ಲ.

“ಅಮ್ಮನವರು ಬೆಳ್ಳಿಪಕ್ಕೆ ಹುಳಿ ಕೇಳಿದ್ರು. ಚುಕ್ಕೆಮೀನು ತರಿಸಿದವರೇ ಮತ್ತೆ ಬೆಳ್ಳಿಪಕ್ಕೆ ಹುಡುಕಿಸಿದ್ರು. ಎಲ್ಲಿಂದ ಸಿಗಬೇಕು?”

“ಇದು ಸರಿಯೋ ತಪ್ಪೋ ನಾನು ಹೇಳೋದಿಲ್ಲ” ಅಂದಳು ಮಗಳು. “ಆಗ ಕೋಣೆಯಲ್ಲಿ ಇದ್ದವರು ಅಪ್ಪಾಜಿ. ನಾನು ಬಾಗಿಲ ಆಚೆ ಇದ್ದೆ. ಅವರೇ ಹೇಳಲಿ.”

ತಪ್ಪು ಅಂದರೆ ಮುಗಿಯಿತು. ಹುಡುಗನ ತಲೆಯ ಜೊತೆ ಮಾತೂ ಹೋಗುತ್ತದೆ. ದೊರೆ ಬಾಯಿ ತೆರೆದ. ಅವತ್ತು ಚುಕ್ಕೆಮೀನನ್ನೇ ಹುಳಿ ಮಾಡಿಸಿ ತಾನೇ ತುತ್ತು ಹಿಡಿದಿದ್ದ. ಅವಳು ಬಾಯಿಗೆ ಇಟ್ಟುಕೊಂಡು, “ಇದು ಅದಲ್ಲ” ಅಂದಳು. ಬೈಯಲಿಲ್ಲ. ಗೋಡೆ ಕಡೆ ತಿರುಗಿದಳು. ಮತ್ತೆ ಈ ಕಡೆ ತಿರುಗಲಿಲ್ಲ.

“ಸರಿ” ಅಂದ ದೊರೆ.

“ಕೇಳಿಸಲಿಲ್ಲ ಅಪ್ಪಾಜಿ.”

“ಸರಿ ಅಂದೆ. ಲಕ್ಕ ಸೋಮಾರಿಯಲ್ಲ. ಕೆರೇಲಿ ಬೆಳ್ಳಿಪಕ್ಕೆಯೇ ಇರಲಿಲ್ಲ. ಇಲ್ಲದ ಹಾಗೆ ಮಾಡಿದವನು ನಾನು. ಗೊತ್ತಿದ್ದೂ ಅವನ ಬಲೆ ಸುಡಿಸಿದೆ. ಸೆರೆಯಲ್ಲಿರೋ ಆ ಮಕ್ಕಳನ್ನೂ ಬಿಟ್ಟುಬಿಡಿ. ನಾನು ಇಷ್ಟು ದಿನ ಹೇಳದೇ ಇದ್ದದ್ದನ್ನ ಅವರು ಹೇಗೆ ಹೇಳಿಯಾರು?”

ಕಾವಲಿನವನು ಸೆರೆಯ ಕಡೆ ಓಡಿದ.

“ಅರ್ಧ ರಾಜ್ಯ ತಗೊಳ್ಳೋ” ಅಂದ ದೊರೆ.

“ಬೇಡ ಬುದ್ಧಿ. ಮಲೆಕೆರೆ ನಮ್ಮಪ್ಪನ ವಶಕ್ಕೆ ಕೊಡಿ. ಚುಕ್ಕೆಮೀನು ತೆಗೆಯೋಕೆ ಜನ ಕೊಡಿ.”

“ಮತ್ತೆ ಅಮ್ಮಣ್ಣಿ ಕೈ?” ಡಂಗುರದವನು ಮೆಲ್ಲಗೆ ಕೇಳಿದ.

“ಕೆರೆ ಕೆಲಸ ಮುಗೀಲಿ” ಅಂದಳು ದೇವಾಜಮ್ಮಣ್ಣಿ. “ಬೇಡ ಅಂದವರು ಯಾರು?”

ಜವರನ ಕಿವಿ ಕೆಂಪಾಯಿತು.

ಆ ವರ್ಷವೆಲ್ಲ ಬಲೆ ಎಳೆದರು. ದೊರೆಯೂ ಸೊಂಟದ ತನಕ ನೀರಿಗೆ ಇಳಿದ. ಲಕ್ಕ ಹಿಂದೆ ನಿಂತು, ಹಗ್ಗ ಬಿಗಿ ಹಿಡೀರಿ ಬುದ್ಧಿ ಅನ್ನುತ್ತಿದ್ದ. ಚುಕ್ಕೆಮೀನು ಸಿಗದ ಹಾಗಾದ ಮೇಲೆ ಮದುವೆ ಆಯಿತು.

ಮುಂದಿನ ಮಹಾಲಯಕ್ಕೆ ಲಕ್ಕ ಒಂದು ಕುಡಿಕೆ ತಂದ. ಒಳಗೆ ಬೆಳ್ಳಿಪಕ್ಕೆ ಓಡಾಡುತ್ತಿದ್ದವು. ಊರು ಬಿಟ್ಟು ಅಲೆಯುವಾಗ ಬೆಟ್ಟದ ತುದಿಯ ಮಡುವಿನಲ್ಲಿ ಕಂಡಿದ್ದನಂತೆ. ಅಲ್ಲಿಂದ ನೀರು ಧುಮುಕುವ ಬಂಡೆಯನ್ನು ಚುಕ್ಕೆಮೀನು ಹತ್ತಲಾರದು.

“ಅಮ್ಮನವರ ಎಡೆಗೆ” ಅಂದ.

ದೊರೆ ಕುಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕೆರೆಗೆ ಹೋಗಿ ಮೆಲ್ಲಗೆ ಬಗ್ಗಿಸಿದ. ಓಲಗ ಇರಲಿಲ್ಲ.

ಎಡೆಗೆ ಅನ್ನ, ಮೀನಿಲ್ಲದ ಹುಳಿ ಬಡಿಸಿದ. ಗಟ್ಟಿಯಾಗಿ ಹೇಳಿದ.

“ಚೆನ್ನಾ, ಈ ಸಲವೂ ಇಲ್ಲ ಕಣೆ. ಸಿಕ್ಕಿದ್ದನ್ನ ಕೆರೆಗೆ ಬಿಟ್ಟೆ. ಅವತ್ತು ಇಲ್ಲದೇ ಹೋದದ್ದು ನನ್ನಿಂದಲೇ.”

ಪಕ್ಕಕ್ಕೆ ಸರಿದು ನಿಂತ. ಸ್ವಲ್ಪ ಹೊತ್ತಿಗೆ ಎಲೆ ಅಲುಗಿದ ಸದ್ದಾಯಿತು. ಕಾಗೆಯ ಕೊಕ್ಕು ಎಲೆಗೆ ತಾಗುವ ಸದ್ದು. ದೊರೆ ತಲೆ ಎತ್ತಿ ನೋಡಲಿಲ್ಲ. ಸದ್ದು ನಿಲ್ಲುವ ತನಕ ಹಾಗೇ ನಿಂತಿದ್ದ.