ಏಡಿ ಅಡ್ಡ ನಡೆದ ದಾರಿ

ಗದ್ದೆಯ ಏರಿಯಲ್ಲಿ ನೀರು ಹೊರಗೆ ಹೋಗಲೆಂದು ಒಂದು ಸಣ್ಣ ಬಾಯಿ ಬಿಟ್ಟಿರುತ್ತಾರಲ್ಲ, ಅದಕ್ಕೆ ನಮ್ಮ ಕಡೆ ಒಂದು ಹೆಸರಿತ್ತು. ಕ... ಕಂ... ನಾಲಗೆಯ ತುದಿಗೆ ಬರುತ್ತದೆ, ಮತ್ತೆ ಒಳಗೆ ಹೋಗಿ ಕೂರುತ್ತದೆ. ಐವತ್ತು ವರ್ಷ ಬಳ್ಳಾರಿಯ ಬಯಲಿನಲ್ಲಿ ಬಾಳಿದವಳ ಬಾಯಲ್ಲಿ ಬೆಟ್ಟದ ಮಾತು ಎಷ್ಟು ಉಳಿದೀತು? ಹೋಗಲಿ, ನೀರಿನ ಬಾಯಿ ಎಂದೇ ಇಟ್ಟುಕೊಳ್ಳೋಣ.

ಇವತ್ತು ಬೆಳಿಗ್ಗೆ ನನ್ನ ತವರಿನ ಬೆಟ್ಟದಲ್ಲಿ ಜೀಪು ಇಳಿದ ಕೂಡಲೇ ಮೊಮ್ಮಗಳು ನೇಸರ ಸೊಂಟಕ್ಕೆ ಕೈಯಿಟ್ಟು ಗದ್ದೆಗಳನ್ನು ನೋಡಿದಳು. "ಅಜ್ಜಿ, ಇಷ್ಟೊಂದು ಮೆಟ್ಟಿಲು ಕಟ್ಟಿದ್ದಾರೆ, ಒಂದೂ ನೆಟ್ಟಗಿಲ್ಲ. ಇವರಿಗೆ ಕಟ್ಟೋಕೆ ಬರ್ತಿರಲಿಲ್ವಾ?"

"ನೆಟ್ಟಗೂ ಕಟ್ಟಿ ನೋಡಿದ್ರು ಮಗಾ. ಕೂತ್ಕೋ, ಹೇಳ್ತೀನಿ."

ಆಗ ಭೂಮಿಯ ಮೈ ಇನ್ನೂ ಹಸಿಯಾಗಿತ್ತು. ಬೆಟ್ಟ ಮಡಕೆಯ ಬೆನ್ನಿನ ಹಾಗೆ ನುಣ್ಣಗಿತ್ತು. ಒಂದು ಕಲ್ಲಿಟ್ಟರೂ ಉರುಳಿ ಹೋಗುತ್ತಿತ್ತು.

ಆ ಬೆಟ್ಟದ ತಲೆಯ ಮೇಲೆ ಒಂದು ತೊರೆ ಹುಟ್ಟಿತ್ತು. ಚಿಕ್ಕ ಹುಡುಗಿ, ಆದರೆ ಒಂದು ಕಡೆ ನಿಂತವಳಲ್ಲ. ಕಡಲು ನೋಡಬೇಕು, ಕಡಲು ನೋಡಬೇಕು ಎಂದು ಒಂದೇ ಉಸಿರಿಗೆ ನೇರ ಕೆಳಗೆ ಓಡುತ್ತಿದ್ದಳು.

ಬೆಟ್ಟದ ನಡುವಿನಲ್ಲಿ ಚೀಯವ್ವ ಎಂಬ ಹೆಂಗಸು ತನ್ನ ಮಕ್ಕಳೊಡನೆ ಇದ್ದಳು. ಅವಳ ಹತ್ತಿರ ಒಂದು ಸೋರೆಬುರುಡೆಯ ತುಂಬ ಬಿತ್ತನೆಯ ಭತ್ತ ಇತ್ತು. ಲೋಕದಲ್ಲಿ ಇದ್ದ ಭತ್ತ ಅಷ್ಟೇ.

ಮೊದಲ ಮಳೆಗೆ ಅರ್ಧ ಬುರುಡೆ ಬಿತ್ತಿದಳು. ತೊರೆ ಓಡಿ ಬಂದಳು. ಮಣ್ಣೂ ಹೋಯಿತು, ಬೀಜವೂ ಹೋಯಿತು.

"ಏನೇ ಹುಡುಗಿ, ನನ್ನ ಭತ್ತ ಎಲ್ಲಿ?"

"ಕಡಲಿಗೆ ಬಿಟ್ಟು ಬಂದೆ ಅತ್ತೆ. ಅಲ್ಲಿ ಚೆನ್ನಾಗಿದೆ."

"ಅಲ್ಲಿ ಉಣ್ಣೋರು ಯಾರೇ, ಮೀನಾ?"

ಎರಡನೆಯ ಮಳೆಗೆ ಚೀಯವ್ವ ಕಲ್ಲು ಹೊತ್ತು ತಂದಳು. ನೂಲು ಹಿಡಿದ ಹಾಗೆ ನೆಟ್ಟಗೆ ಒಂದು ಗೋಡೆ ಕಟ್ಟಿ, ಒಂದು ಹಿಡಿ ಉಳಿಸಿ ಮಿಕ್ಕ ಭತ್ತ ಬಿತ್ತಿದಳು. ಬೆಟ್ಟ ಉಬ್ಬಿದ ಕಡೆ ಗೋಡೆ ಮೇಲೆ ಹೋಯಿತು, ತಗ್ಗಿದ ಕಡೆ ಕೆಳಗೆ ಬಂತು. ತಗ್ಗಿದ ಕಡೆಯಲ್ಲೇ ತೊರೆ ನುಗ್ಗಿದಳು. ಮಣ್ಣೂ ಹೋಯಿತು, ಬೀಜವೂ ಹೋಯಿತು, ಗೋಡೆಯೂ ಹೋಯಿತು.

ಬುರುಡೆ ಅಲುಗಿಸಿದರೆ ಒಂದು ಹಿಡಿ ಭತ್ತದ ಸದ್ದು ಕೇಳಿತು. ಇದೂ ಹೋದರೆ ಬೆಟ್ಟದಲ್ಲಿ ಅನ್ನ ಎಂಬುದೇ ಇರುವುದಿಲ್ಲ. ಚೀಯವ್ವ ಬುರುಡೆಯನ್ನು ಮಡಿಲಲ್ಲಿಟ್ಟುಕೊಂಡು ಕೆಸರಿನಲ್ಲೇ ಕೂತಳು.

ಅವಳ ಮುಂದೆ ಒಂದು ಏಡಿ ದೊಪ್ಪನೆ ಬಿತ್ತು. ಆ ಕಾಲದಲ್ಲಿ ಏಡಿಯೂ ನಮ್ಮ ಹಾಗೆ ಮುಂದಕ್ಕೇ ನಡೆಯುತ್ತಿತ್ತು. ಬೆಟ್ಟ ಹತ್ತಲು ಹೋದರೆ ಜಾರುತ್ತಿತ್ತು, ಇಳಿಯಲು ಹೋದರೆ ಮೂಗು ಜಜ್ಜಿಕೊಂಡು ಉರುಳುತ್ತಿತ್ತು.

ಮೇಲೆ ಸುಳಿಯುತ್ತಿದ್ದ ಗಾಳಿ ನಕ್ಕಿತು. "ಎಷ್ಟು ಸಲ ಬೀಳ್ತೀಯೋ ಮಾರಾಯ? ಹತ್ತಲೂ ಬೇಡ, ಇಳಿಯಲೂ ಬೇಡ. ಪಕ್ಕಕ್ಕೆ ನಡಿ."

"ಪಕ್ಕಕ್ಕೆ ನಡೆದರೆ ನೋಡಿದವರು ಏನಂತಾರೆ?"

"ಈಗೇನು ನಿನ್ನನ್ನು ಹೊಗಳ್ತಾ ಇದ್ದಾರಾ?"

ಏಡಿ ಯೋಚಿಸಿತು. ಮೆಲ್ಲಗೆ ಒಂದು ಕಾಲು ಪಕ್ಕಕ್ಕಿಟ್ಟಿತು. ಇನ್ನೊಂದು ಕಾಲು ಪಕ್ಕಕ್ಕಿಟ್ಟಿತು. ಬೀಳಲಿಲ್ಲ. ಬೆಟ್ಟ ಉಬ್ಬಿದ ಕಡೆ ಸುತ್ತಿಕೊಂಡು ಹೋಯಿತು, ತಗ್ಗಿದ ಕಡೆ ಒಳಗೆ ಸರಿದು ಹೋಯಿತು. ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ.

ಚೀಯವ್ವ ಕೆಸರಿನಲ್ಲಿ ಮೂಡಿದ ಹೆಜ್ಜೆಗಳನ್ನು ನೋಡಿದಳು. ಥಟ್ಟನೆ ಎದ್ದು, ಗುದ್ದಲಿ ಹಿಡಿದು ಹಿಂದೆಯೇ ಹೊರಟಳು.

"ನನ್ನ ಹಿಂದೆ ಯಾಕೆ ಬರ್ತೀಯವ್ವ? ಸಾರಿಗೆ ಹಾಕೋದಕ್ಕಾ?" ಏಡಿಗೆ ಭಯ.

"ಇಲ್ಲಪ್ಪ. ನೀನು ಬೀಳದ ದಾರಿಯಲ್ಲಿ ನೀರೂ ಬೀಳಲಿಕ್ಕಿಲ್ಲ. ನೀನು ನಡಿ, ನಾನು ಏರಿ ಹಾಕ್ತೀನಿ."

ಏಡಿ ಅಡ್ಡ ನಡೆಯಿತು, ಚೀಯವ್ವ ಏರಿ ಹಾಕಿದಳು. ಬೆಟ್ಟದ ಹೊಟ್ಟೆಗೆ ಉಡಿದಾರ ಕಟ್ಟಿದ ಹಾಗಾಯಿತು. ಕೊನೆಯ ಹಿಡಿಯನ್ನು ಅದರೊಳಗೆ ಬಿತ್ತಿದಳು.

ತೊರೆ ಬಂದಳು. ಎಲ್ಲಿ ನುಗ್ಗಿದರೂ ಏರಿ ಒಂದೇ ಮಟ್ಟ. ತಿರುಗಿ ತಿರುಗಿ ಸುಸ್ತಾಗಿ ನಿಂತಳು. ಅವಳು ಹುಟ್ಟಿದ ಮೇಲೆ ನಿಂತದ್ದು ಅದೇ ಮೊದಲು.

"ಬಿಡು ಅತ್ತೆ, ನಾನು ಕಡಲಿಗೆ ಹೋಗ್ಬೇಕು."

"ಬಿಡಲ್ಲ. ಬಿಟ್ಟರೆ ನನ್ನ ಭತ್ತ ನಿನ್ನ ಜೊತೆ ಹೊರಡುತ್ತೆ." ಚೀಯವ್ವ ಇನ್ನಷ್ಟು ಮಣ್ಣು ಮೆತ್ತಿದಳು. ಎರಡು ಸಲ ಕಳೆದುಕೊಂಡವಳ ಕೈ, ಹಿಡಿ ಸಡಿಲಿಸುತ್ತದೆಯೇ?

ನೀರು ಏರಿತು. ಮೊಳಕೆ ಮುಳುಗಿತು. ಏರಿಯ ಹೊಟ್ಟೆ ಉಬ್ಬಿತು. ಏಡಿ ಒಂದು ಮೂಲೆಗೆ ಹೋಗಿ ತೂತು ಕೊರೆಯಲು ಶುರು ಮಾಡಿತು.

"ಏಯ್ ಕಳ್ಳ, ದಾರಿ ತೋರಿಸಿದವನು ನೀನೇ, ಈಗ ಕನ್ನ ಹಾಕ್ತೀಯ?" ಚೀಯವ್ವ ತೂತಿಗೆ ಮಣ್ಣು ತುರುಕಿದಳು.

ಏಡಿ ಮತ್ತೆ ಕೊರೆಯಿತು. ಅವಳು ಮತ್ತೆ ತುರುಕಿದಳು.

"ಅವ್ವಾ, ಏರಿಗೆ ಕಿವಿಯಿಟ್ಟು ಕೇಳು," ಅಂದಿತು ಏಡಿ. "ಆಮೇಲೆ ಬೇಕಾದ್ರೆ ಸಾರು ಮಾಡು."

ಚೀಯವ್ವ ಕಿವಿಯಿಟ್ಟಳು. ಏರಿಯೊಳಗೆ ಮಣ್ಣು ಬಿರಿಯುವ ಸದ್ದು. ಇನ್ನು ಸ್ವಲ್ಪ ಹೊತ್ತಿಗೆ ಎಲ್ಲವೂ ಒಟ್ಟಿಗೆ ಹೋಗುತ್ತಿತ್ತು. ಅವಳ ಕೈಯಲ್ಲಿ ಮಣ್ಣಿನ ಮುದ್ದೆಯಿತ್ತು. ಅದನ್ನು ತೂತಿಗೆ ಹಾಕಲಿಲ್ಲ, ಕೆಳಗಿಟ್ಟಳು.

ಮೂಲೆಯ ತೂತಿನಿಂದ ನೀರು ಗುಳುಗುಳು ಇಳಿಯಿತು. ಏರಿಯ ಹೊಟ್ಟೆ ತಗ್ಗಿತು. ಒಂದು ಗೇಣು ನೀರಿನ ಮೇಲೆ ಹಸಿರು ಮೊಳಕೆ ತಲೆಯೆತ್ತಿತು. ಒಂದೇ ಒಂದು ಕಾಳೂ ಕದಲಿರಲಿಲ್ಲ.

ತೊರೆ ಮೂಲೆಯಿಂದ ಇಳಿಯುತ್ತಾ ನಕ್ಕಳು. "ಅತ್ತೆ, ಹೀಗಾದ್ರೆ ನಿಂತು ಹೋಗೋದೂ ಚೆನ್ನಾಗಿದೆ. ಕೆಳಗೆ ಇನ್ನೊಂದು ಗದ್ದೆ ಮಾಡು, ಅಲ್ಲೂ ಕೂತು ಹೋಗ್ತೀನಿ."

ಏಡಿ ಕೆಳಗಿಳಿದು ಮತ್ತೆ ಅಡ್ಡ ನಡೆಯಿತು, ಚೀಯವ್ವ ಮತ್ತೆ ಏರಿ ಹಾಕಿದಳು. ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಇನ್ನೊಂದು. ಬೆಟ್ಟದ ಬುಡಕ್ಕೆ ಬರುವಷ್ಟರಲ್ಲಿ ಏಡಿಗೆ ಮುಂದಕ್ಕೆ ನಡೆಯುವುದೇ ಮರೆತುಹೋಗಿತ್ತು.

"ನಿನಗೇನು ಕೊಡಲಪ್ಪ?" ಎಂದಳು ಚೀಯವ್ವ.

"ಏರಿಯಲ್ಲಿ ಒಂದು ಮನೆ. ಮತ್ತೆ ಆ ಸಾರಿನ ಮಾತು ಎತ್ತಬಾರದು."

ಅಂದಿನಿಂದ ನಮ್ಮ ಬೆಟ್ಟದವರು ನಾಟಿಗೆ ಮೊದಲು ಏರಿಯ ತೂತುಗಳನ್ನೆಲ್ಲ ಮೆತ್ತುತ್ತಾರೆ, ಮೂಲೆಯ ಒಂದನ್ನು ಮಾತ್ರ ಮುಟ್ಟುವುದಿಲ್ಲ. ಅದೇ ನೀರಿನ ಬಾಯಿ. ಅದಕ್ಕೇ ಇಲ್ಲಿ ಗದ್ದೆಗಳು ಬೆಟ್ಟ ಬಳುಕಿದ ಹಾಗೆ ಬಳುಕುತ್ತವೆ, ನೀರು ಒಂದೊಂದು ಗದ್ದೆಯಲ್ಲೂ ಸ್ವಲ್ಪ ಹೊತ್ತು ಕೂತು ಹೋಗುತ್ತದೆ, ನಿನ್ನ ಚಪ್ಪಲಿಯ ಪಕ್ಕದಲ್ಲಿರುವ ಆ ಏಡಿ ಇವತ್ತಿಗೂ ಅಡ್ಡಡ್ಡವೇ ನಡೆಯುತ್ತದೆ. ನೇಸರಾ, ಅದು ಬಿಲ ಸೇರುವುದರೊಳಗೆ, ಆ ಹೆಸರಿನ ಹಾಗೆ ಈ ಕತೆಯೂ ನನ್ನ ನಾಲಗೆಯಿಂದ ಜಾರುವ ಮೊದಲು, ಇದನ್ನೊಂದಿಷ್ಟು ಬರೆದುಕೋ ಮಗಾ.