ರೇವಲ್ಚಿನ್ನಿಯ ಮೂರು ಪಾಲು

ಕಣ್ಣು ಮುಚ್ಚಿಕೊಂಡು ಕೇಳು. ನಡುವೆ ಬಾಯಿ ಹಾಕಬೇಡ. ಹಾಕಿದರೆ ಏನಾಗುತ್ತೆ ಅನ್ನೋದೇ ಈ ಕತೆ.

ಒಂದಾನೊಂದು ಕಾಲದಲ್ಲಿ, ಇಂಗು ಮಾರೋರು ಬೆಟ್ಟದಾಚೆಯಿಂದ ನಡಕೊಂಡೇ ಬರ್ತಿದ್ದ ಕಾಲದಲ್ಲಿ, ಒಂದೂರಲ್ಲಿ ಹಾಲವ್ವ ಅಂತ ಒಬ್ಬಳು ಸೊಪ್ಪು ಬೆಳೆದು ಮಾರ್ಕೊಂಡು ಇದ್ದಳಂತೆ. ಪುಂಡಿ, ಮೆಂತ್ಯ, ಕಿರಕಸಾಲಿ, ಯಾವುದೇ ಕೊಡು, ಕತ್ತಲಲ್ಲಿ ಮುಟ್ಟಿ ಹೆಸರು ಹೇಳೋಳಂತೆ. ಅವಳಿಗೆ ಮೂವರು ಗಂಡುಮಕ್ಕಳು. ಹಿರಿಯ ಅಡಿವೆಪ್ಪ, ನಡುವಿನವ ಗುರುಸಿದ್ದ, ಕಿರಿಯ ಕೊಟ್ರ. ಮೂವರಿಗೂ ಮದುವೆಯಾಗಿತ್ತು, ಮೂವರೂ ಒಂದೇ ಮನೇಲಿದ್ದರು.

ಒಂದು ಸಲ ಇಂಗು ಮಾರೋ ಖಾನಸಾಬ ಜ್ವರ ಬಂದು ಇವರ ಜಗಲಿ ಮೇಲೆ ಬಿದ್ದುಬಿಟ್ಟನಂತೆ. ಹಾಲವ್ವ ಗಂಜಿ ಹಾಕಿ ಎಬ್ಬಿಸಿ ಕೂರಿಸಿದಳು. ಆಮೇಲೆ ಹೊರಡೋ ದಿನ ಅವನು ಗಂಟು ಬಿಚ್ಚಿ ಒಂದು ಹಸಿ ಬೇರು ಕೊಟ್ಟನಂತೆ, ಮುರಿದರೆ ಒಳಗೆ ಅರಿಶಿನದ ಬಣ್ಣ. ಇದು ರೇವಲ್ಚಿನ್ನಿ ಅವ್ವ, ನಮ್ಮ ಕಡೆ ಮಂಜು ಬೀಳೋ ಬೆಟ್ಟದಲ್ಲಿ ಬೆಳೆಯುತ್ತೆ, ತಂಪಿರೋ ಜಾಗದಲ್ಲಿ ನೆಡು, ಬೇರು ಚೂರೇ ಚೂರು ಅರೆದು ಕುಡಿದರೆ ಎಂಥ ಕಟ್ಟಿದ ಹೊಟ್ಟೇನೂ ಬಿಡುತ್ತೆ, ದಂಟು ಹುಳಿ, ಬೆಲ್ಲ ಹಾಕಿ ಬೇಯಿಸಿಕೋ, ಇನ್ನು ಎಲೆ, ಅಂತ ಅವನು ಶುರುಮಾಡಿದ. ಅಷ್ಟಕ್ಕೇ ಹಾಲವ್ವ, ಸಾಕು ಬಿಡು ಸಾಬಣ್ಣ, ಹಲ್ಲು ಹುಟ್ಟಿದಾಗಿಂದ ಸೊಪ್ಪು ಬಿಡಿಸ್ತಿದೀನಿ, ನನಗೇ ಎಲೆ ಪಾಠ ಹೇಳ್ತೀಯಲ್ಲ, ಅಂದಳಂತೆ. ಅವನು ನಕ್ಕು, ಗಂಟು ಹೊತ್ತು ಹೊರಟೇಹೋದ.

ಎಲೆಗೆ ಏನಾಯ್ತು ಅಂತೀಯಾ? ನೋಡು, ನೀನೂ ಬಾಯಿ ಹಾಕಿದೆ.

ಹಾಲವ್ವ ಬೇರನ್ನ ಬಾವಿ ಪಕ್ಕದ ನೆರಳಲ್ಲಿ ನೆಟ್ಟಳು. ಅದು ಚಿಗುರಿತು, ಮೊರದಗಲ ಎಲೆ, ಕೆಂಪು ಕೆಂಪು ದಂಟು, ನೋಡೋಕೆ ಚೆಂದ ಅಂತ ಯಾರೂ ಕುಯ್ಯಲಿಲ್ಲವಂತೆ. ಆಮೇಲೆ ಬಾವಿ ನೀರಿನ ಸರದಿಗೆ ಅಣ್ಣತಮ್ಮಂದಿರು ಜಗಳಾಡಿದರು. ಜಗಳ ಬೆಳೆದು ಪಾಲಿಗೆ ಬಂತು. ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಬೇಕು, ಅದು ಆ ಊರ ಪದ್ಧತಿ. ಅಡಿವೆಪ್ಪ ಎಷ್ಟು ಸಮ ಮಾಡಿದ ಅಂದರೆ, ಕೊನೆಗೆ ಒರಳು ಅವನಿಗೇ ಉಳೀತು, ಒರಳಿನ ಗುಂಡು ಬೆಲ್ಲದ ಗಡಿಗೆ ಜೊತೆ ಗುರುಸಿದ್ದನಿಗೆ ಹೋಯ್ತು, ಹಸುನೂ ಅವ್ವನೂ ಕೊಟ್ರನಿಗೆ ಬಂದರು. ನಡುವೆ ಮಣ್ಣಿನ ಗೋಡೆ ಎದ್ದವು. ಒಂದು ಗೋಡೆಯ ಗೆರೆ ಸರಿಯಾಗಿ ಈ ಗಿಡದ ಮೇಲೇ ಹೋಯ್ತಂತೆ. ಇದನ್ನೂ ಹಂಚೋದೇ ಅಂತ ಅಡಿವೆಪ್ಪ ಗಿಡ ಕಿತ್ತು ಎಲೆ ಒಂದು ಕಡೆ, ದಂಟು ಒಂದು ಕಡೆ, ಬೇರು ಒಂದು ಕಡೆ ಇಟ್ಟ. ಸೊಪ್ಪಿನ ಮನೆಯವನಲ್ಲವಾ, ಕೊಟ್ರ ಎಲೆ ಎತ್ತಿಕೊಂಡ. ಗುರುಸಿದ್ದ ದಂಟು ತಗೊಂಡ. ನಾನು ಹಂಚಿದ್ದಕ್ಕೆ ನನಗೆ ಮಣ್ಣು ಅಂತ ಅಡಿವೆಪ್ಪ ಗೊಣಗಿ ಬೇರನ್ನ ತಿಪ್ಪೆಗೆ ಒಗೆದನಂತೆ.

ಆಮೇಲೆ ಕೊಟ್ರನ ಹೆಂಡತಿ ಎಲೆ ಬಸಿದು ಪಲ್ಯ ಮಾಡಿದಳು. ಹೊಸ ಸೊಪ್ಪು ಬೆಂದರೆ ಮೊದಲ ತಟ್ಟೆ ಹಿರಿಯರಿಗೆ. ಹಾಲವ್ವ ಬಾಯಿಗಿಟ್ಟಳು, ಗಂಟಲು ಉರೀತು. ಹುಳಿ ಸ್ವಲ್ಪ ಮುಂದಾಗಿದೆ ಕಣೇ ಅಂತ ಅಂದು, ಸೋಲೋದು ಹೆಂಗೆ ಅಂತ ತಟ್ಟೆ ಖಾಲಿ ಮಾಡಿದಳಂತೆ. ಕೈ ತೊಳೆಯೋ ಹೊತ್ತಿಗೆ ವಾಂತಿ ಶುರು. ಯಾರೂ ಮುಟ್ಟಬೇಡ್ರೋ, ಸಾಬಣ್ಣ ಹೇಳೋಕೆ ಬಂದಿದ್ದು ಇದನ್ನೇ, ಅಂತ ಕೂಗಿ ಮಲಗಿಬಿಟ್ಟಳು.

ಕೊಟ್ರ ಓಡಿ ಹಾಲು ಕರೆದು ತಂದು ಕುಡಿಸಿದ. ವಾಂತಿ ನಿಂತಿತು, ಉರಿ ಇಳೀತು. ಆದರೆ ಹೊಟ್ಟೆ ಕಟ್ಟಿಕೊಂಡು ತಮಟೆ ಥರ ಬಿಗಿಯಿತು. ದಿನ ಕಳೆದವು, ಬಿಡಲಿಲ್ಲ. ನೋಡೋಕೆ ಬಂದವರು ನೆಂಟರಿಗೆ ಹೇಳಿಕಳಿಸಿದಿರಾ ಅಂತ ಮೆಲ್ಲಗೆ ಕೇಳೋಕೆ ಶುರುಮಾಡಿದರಂತೆ. ಆಗ ಹಾಲವ್ವ ಕಣ್ಣು ಬಿಟ್ಟು, ಬೇರು, ಬೇರು ಎಲ್ಲಿ, ಅಂದಳು.

ಅಡಿವೆಪ್ಪ ತಿಪ್ಪೆ ಕೆದಕಿದ. ಬೇರು ಅಲ್ಲೇ ಇತ್ತು, ಸಾಲದ್ದಕ್ಕೆ ಕೆಂಪು ಮೊಳಕೆ ಬಂದಿತ್ತು. ಮೊಳಕೆ ಬಿಟ್ಟು ಪಕ್ಕದಿಂದ ಒಂದು ಚೂರು ಕುಯ್ದುಕೊಂಡು ಗೋಡೆ ಹತ್ರ ನಿಂತು ಕೂಗಿದನಂತೆ.

ಗುರುಸಿದ್ದಾ, ಗುಂಡು ಕೊಡೋ!

ಒರಳು ಈ ಕಡೆ ತಾ!

ಒರಳು ನೆಲದಲ್ಲಿ ಹೂತಿದೆಯೋ ಕತ್ತೆ, ಹೆಂಗೆ ತರಲಿ?

ಗುಂಡೇನು ನಿಂಬೆಹಣ್ಣಾ, ಗೋಡೆ ಮೇಲಿಂದ ಎಸೆಯೋಕೆ?

ಕೊಟ್ರ ಇಬ್ಬರ ಮಾತೂ ಕೇಳಿದ, ಹಾರೆ ತಂದು ಗೋಡೆಗೆ ಹಾಕಿದನಂತೆ. ಪಾಲು ಆಮೇಲೆ ಮಾಡ್ಕೊಳ್ಳಿ, ಅವ್ವ ಒಬ್ಬಳೇ ಇರೋದು, ಅಂದ. ಗೋಡೆ ಬಿತ್ತು. ಗುರುಸಿದ್ದ ಗುಂಡು ಉರುಳಿಸಿಕೊಂಡು ಬಂದ, ಅಡಿವೆಪ್ಪ ಅರೆದ, ಕುಡಿಸಿದರು. ಆ ಸಂಜೆ ಹಾಲವ್ವ ಎದ್ದು ಹಿತ್ತಲಿಗೆ ಓಡಿದಳಂತೆ. ನಗಬೇಡ, ಮನೆಮಂದಿಯೆಲ್ಲ ಖುಷಿಗೆ ಅತ್ತರು. ಆಮೇಲೆ ಬಾಯಿ ರುಚಿ ಇಲ್ಲ ಅಂದಳು. ಗುರುಸಿದ್ದನ ಹೆಂಡತಿ ನೀರಲ್ಲಿ ನಿಲ್ಲಿಸಿಟ್ಟಿದ್ದ ದಂಟು ಹೆಚ್ಚಿ ಬೆಲ್ಲ ಹಾಕಿ ಬೇಯಿಸಿ ಕೊಟ್ಟಳು. ಅದನ್ನ ನೆಕ್ಕಿ, ಅನ್ನ ಹಾಕ್ರೇ ಅಂತ ಕೇಳಿದಳಂತೆ.

ಉಳಿದ ಬೇರನ್ನ ಅಡಿವೆಪ್ಪ ಮತ್ತೆ ಬಾವಿ ಪಕ್ಕ ನೆಟ್ಟ. ಗೋಡೆ ಕಟ್ಟಬೇಕಲ್ಲ ಅಂತ ಯಾರೋ ಅಂದಾಗ ಹಾಲವ್ವ, ಬೇಡ, ಗುಂಡು ಉರುಳಿಸೋಕೆ ದಾರಿ ಬೇಕು, ಅಂದಳಂತೆ. ಯಾರೂ ಕಟ್ಟಲಿಲ್ಲ.

ಮುಂದಿನ ವರ್ಷ ಖಾನಸಾಬ ಬಂದ. ಹಾಲವ್ವ ಜಗಲಿ ಗುಡಿಸಿ ಕೂರಿಸಿ, ಎದುರಿಗೇ ಕೂತು, ಸಾಬಣ್ಣ, ಹೋದ ಸಲ ಅರ್ಧಕ್ಕೆ ನಿಂತಿತ್ತು, ಈಗ ಪೂರ್ತಿ ಹೇಳು, ಅಂದಳಂತೆ.

ಎಲೆ ತಿನ್ನಬಾರದು ಅವ್ವ, ಅಂದ.

ಹಾಲವ್ವ ಕೊನೇವರೆಗೂ ಕೇಳಿಸಿಕೊಂಡು, ಹೌದಾ, ಅಂದಳಂತೆ.

ಹಾಲವ್ವ ಅಲ್ಲಿ ಸುಖವಾಗಿದ್ದಳು, ಕತೆ ಇಲ್ಲಿಗೆ ಮುಗೀತು. ಈಗ ಹೇಳು, ಏನೋ ಕೇಳೋಕೆ ಬಂದಿದ್ದೆಯಲ್ಲ? ಏನೂ ಇಲ್ಲವಾ? ಹಂಗಾದರೆ ಆ ಕಡೆ ತಿರುಗಿ ಮಲಕೋ.