ಜಾಲಿಮರದಿಂದ ನಲವತ್ತು ಹೆಜ್ಜೆ

ನಿವೃತ್ತಿಯಾದ ಮೇಲೆ ಅಂಬುಜಾಕ್ಷಿ ಟೀಚರ್ ಹೊಳೆದಂಡೆಯ ಎರಡು ಕೋಣೆಯ ಮನೆಗೆ ಬಂದು ನೆಲೆಸಿದರು. ಹಕ್ಕಿಗಳ, ಹುಳಗಳ ಫೋಟೊ ತೆಗೆಯುವುದರಲ್ಲಿ ಅವರ ಹೆಸರು ದೊಡ್ಡದು. ಕಲಿಯಬೇಕೆಂದು ಬಂದವರು ಬಹಳ. ಉಳಿದವಳು ದಾಕ್ಷಾಯಿಣಿ ಒಬ್ಬಳೇ.

ಅವಳು ತಾಲ್ಲೂಕು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ಭಾನುವಾರ ಮೊದಲ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು.

ಮೊದಲ ಮೂರು ತಿಂಗಳು ಟೀಚರ್ ಅವಳಿಗೆ ಕ್ಯಾಮರಾವನ್ನು ಚೀಲದಿಂದ ತೆಗೆಯಲೇ ಬಿಡಲಿಲ್ಲ.

“ಮತ್ತೆ ಏನು ಮಾಡಲಿ ಟೀಚರ್?”

“ಸುಮ್ಮನಿರು. ಮೊದಲು ಹಕ್ಕಿಗಳು ನಿನ್ನನ್ನ ನೋಡಿ ಅಭ್ಯಾಸ ಮಾಡಿಕೊಳ್ಳಲಿ.”

ಟೀಚರ್ ಹಾಕಿದ್ದ ಕಟ್ಟಪ್ಪಣೆ ಒಂದೇ. ದಂಡೆಯ ಮೇಲಿನ ಜಾಲಿಮರ ದಾಟಿ ಮುಂದೆ ಹೋಗಕೂಡದು.

ಮರದಿಂದ ನಲವತ್ತು ಹೆಜ್ಜೆಗೆ, ಮೊಣಕಾಲುದ್ದ ನೀರಿನಾಚೆ, ಬೇಸಿಗೆಯಲ್ಲಿ ಒಂದು ಮರಳುದಿಬ್ಬ ಏಳುತ್ತಿತ್ತು. ಆ ವರ್ಷ ಅದರ ಮೇಲೆ ಐದು ಜೋಡಿ ರೀವ ಹಕ್ಕಿಗಳು ಮೊಟ್ಟೆಯಿಟ್ಟವು. ಬೂದು ರೆಕ್ಕೆ, ಕಪ್ಪು ನೆತ್ತಿ, ಹಳದಿ ಕೊಕ್ಕು. ರೀವಗಳು ಗೂಡು ಕಟ್ಟುವುದಿಲ್ಲ. ಬರಿಯ ಮರಳಿನಲ್ಲಿ ಒಂದು ಗುಳಿ ತೋಡಿ ಅದರಲ್ಲೇ ಇಡುತ್ತವೆ.

ದಾಕ್ಷಾಯಿಣಿಯ ಲೆನ್ಸಿಗೆ ಅವು ಅಕ್ಕಿಕಾಳಿನಷ್ಟು ಕಾಣುತ್ತಿದ್ದವು. ದೊಡ್ಡ ಲೆನ್ಸು ಅವಳ ಸಂಬಳಕ್ಕೆ ಎಟುಕುವಂಥದ್ದಲ್ಲ.

ಒಂದು ಭಾನುವಾರ ಅವಳು ಚೀಲದಿಂದ ಒಂದು ಪುಟ್ಟ ಡಬ್ಬಿ ತೆಗೆದಳು.

“ಟೀಚರ್, ಇದು ಟೆಲಿಕನ್ವರ್ಟರ್. ಕ್ಯಾಮರಾಕ್ಕೂ ಲೆನ್ಸಿಗೂ ನಡುವೆ ಹಾಕೋದು. ದೂರದ್ದು ಎರಡು ಪಟ್ಟು ದೊಡ್ಡದಾಗಿ ಬರುತ್ತೆ.”

ಟೀಚರ್ ಅದನ್ನು ಅಂಗೈ ಮೇಲಿಟ್ಟು ತಿರುಗಿಸಿ ನೋಡಿದರು.

“ಕ್ಯಾಮರಾ ಕಂಪನಿಯವರದ್ದೇನಾ?”

“ಅಲ್ಲ, ಬೇರೆಯವರದು. ಅಗ್ಗದ್ದು.” ಅವಳ ದನಿ ತಗ್ಗಿತು.

“ಅದಕ್ಕೆ ನಾಚಿಕೆ ಯಾಕೆ? ಏನು ಕೊಡುತ್ತೆ ಅಂತ ಹೇಳಿದೆ. ಏನು ತಗೊಳ್ಳುತ್ತೆ?”

“ಬೆಳಕು. ನಾಲ್ಕರಲ್ಲಿ ಮೂರು ಪಾಲು ಅದೇ ನುಂಗಿಬಿಡುತ್ತೆ.”

ಟೀಚರ್ ಅದನ್ನು ಹುಳಗಳಿಗೆಂದೇ ಇಟ್ಟುಕೊಂಡಿದ್ದ ತಮ್ಮ ಮ್ಯಾಕ್ರೊ ಲೆನ್ಸಿಗೆ ಹಾಕಿ ಹುಲ್ಲಿನ ಮೇಲೆ ಕೂತಿದ್ದ ಏರೋಪ್ಲೇನ್ ಚಿಟ್ಟೆಯ ಮುಂದೆ ಮಂಡಿಯೂರಿದರು. ಒಂದೇ ಒಂದು ಫೋಟೊ ತೆಗೆದರು. ಪರದೆಯ ತುಂಬ ಅದರ ಕಣ್ಣು, ಜೇನುಹುಟ್ಟಿನಂತೆ.

“ಮೊದಲಾಗಿದ್ದರೆ ಇಷ್ಟು ದೊಡ್ಡದು ಬೇಕು ಅಂದರೆ ಮೂಗು ತಾಗೋವಷ್ಟು ಹತ್ತಿರ ಹೋಗಬೇಕಿತ್ತು. ಈಗ ನೋಡು, ಅದಕ್ಕೆ ನಾನು ಬಂದದ್ದೇ ಗೊತ್ತಿಲ್ಲ.” ಟೀಚರ್ ಮಗುವಿನಂತೆ ನಕ್ಕರು. “ಒಳ್ಳೇದು ತಂದಿದ್ದೀಯ.”

ದಾಕ್ಷಾಯಿಣಿಗೆ ಆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ.

ಜಾಲಿಮರದ ಕೆಳಗಿನಿಂದ ತೆಗೆದ ರೀವಗಳು ದೊಡ್ಡದಾಗೇನೋ ಬಂದವು. ಆದರೆ ಮುಂಜಾನೆ ತೆಗೆದರೆ ಮಸುಕು. ಬಿಸಿಲೇರಿದ ಮೇಲೆ ತೆಗೆದರೆ ಝಳಕ್ಕೆ ಗರಿಗಳೆಲ್ಲ ಕಲಸಿಹೋದಂತೆ. ಜಿಲ್ಲೆಯ ಫೋಟೊ ಬಳಗದವರಿಗೆ ತೋರಿಸಿದಾಗ ಒಬ್ಬ ನಕ್ಕ.

“ಏನ್ರೀ ಇದು, ಸೋಡಾ ಬಾಟಲಿ ತಳದಲ್ಲಿ ತೆಗೆದಿದ್ದೀರಾ?”

ಆ ತಿಂಗಳ ಕೊನೆಗೆ ಬಳಗದ ಪ್ರದರ್ಶನವಿತ್ತು.

“ಟೀಚರ್, ಇನ್ನೂ ಹತ್ತಿರ ಬೇಕು,” ಅಂದಳು.

“ಯಾರಿಗೆ?”

ಅವಳು ಲೆನ್ಸಿನ ಮುಚ್ಚಳ ಹಾಕಿದಳು.

ಮುಂದಿನ ಗುರುವಾರ ಟೀಚರ್ ಕಣ್ಣು ತೋರಿಸಲು ನಗರಕ್ಕೆ ಹೋಗುವವರಿದ್ದರು. ಅದು ದಾಕ್ಷಾಯಿಣಿಗೆ ಗೊತ್ತಿತ್ತು. ಆ ದಿನ ಅವಳು ಆಸ್ಪತ್ರೆಗೆ ರಜೆ ಹಾಕಿದಳು.

ಕನ್ವರ್ಟರನ್ನು ಬಿಚ್ಚಿ ಜಾಲಿಮರದ ಬುಡದಲ್ಲಿಟ್ಟಳು. ಚೂಡಿದಾರದ ಕಾಲು ಮಡಚಿಕೊಂಡು ನೀರಿಗಿಳಿದಳು. ದಿಬ್ಬ ಹತ್ತಿ ಮರಳಿನ ಮೇಲೆ ಬೋರಲು ಮಲಗಿದಳು.

ಎಲ್ಲಕ್ಕಿಂತ ಹತ್ತಿರವಿದ್ದ ಹಕ್ಕಿ ಮೊಟ್ಟೆ ಬಿಟ್ಟು ಎದ್ದಿತು. ಕಿರುಚಿತು. ಮೇಲೇರಿ ಅವಳ ತಲೆಯ ಕಡೆಗೇ ಎರಗಿತು. ಮತ್ತೆ ಏರಿತು, ಮತ್ತೆ ಎರಗಿತು. ಅವಳು ಬಟನ್ನಿನಿಂದ ಬೆರಳು ತೆಗೆಯಲಿಲ್ಲ. ಅಷ್ಟು ಬೆಳಕು, ಅಷ್ಟು ಹತ್ತಿರ, ಅವಳ ಜೀವಮಾನದಲ್ಲಿ ಅದೇ ಮೊದಲು.

ಕೊನೆಗೆ ಗಡಿಯಾರ ನೋಡಿದಳು. ಮುಕ್ಕಾಲು ಗಂಟೆ ಕಳೆದಿತ್ತು. ಅಂಗೈ ಊರಿ ಏಳಹೋದರೆ ಮರಳು ಚುರ್ರೆಂದಿತು.

ಆ ಫೋಟೊವನ್ನು ಪ್ರದರ್ಶನದ ಬಾಗಿಲಲ್ಲೇ ತೂಗುಹಾಕಿದರು. ಸೋಡಾ ಬಾಟಲಿ ಎಂದವನು ಬಂದು ಕೈ ಕುಲುಕಿದ.

ಅವಳು ಟೀಚರಿಗೆ ಹೇಳಲಿಲ್ಲ.

ಭಾನುವಾರಗಳು ಕಳೆದವು. ಒಂದೊಂದಾಗಿ ನಾಲ್ಕು ಗುಳಿಗಳಲ್ಲಿ ಮರಿಗಳಾದವು. ಮರಳಿನದೇ ಬಣ್ಣದ ಪುಟ್ಟ ಮರಿಗಳು ತಾಯಿಯ ನೆರಳಲ್ಲಿ ಓಡಾಡತೊಡಗಿದವು.

ಐದನೆಯದರಲ್ಲಿ ಏನೂ ಆಗಲಿಲ್ಲ.

ಆದರೂ ಹಕ್ಕಿ ಕೂತೇ ಇತ್ತು. ಬಿಸಿಲೇರಿದಾಗ ಹಾರಿಹೋಗಿ ಹೊಳೆಯಲ್ಲಿ ಹೊಟ್ಟೆ ಅದ್ದಿಕೊಂಡು ಬಂದು, ಒದ್ದೆ ಗರಿಯಲ್ಲಿ ಮೊಟ್ಟೆಗಳನ್ನು ತಂಪು ಮಾಡುತ್ತಿತ್ತು. ಮತ್ತೆ ಹೋಗಿ ಮತ್ತೆ ಅದ್ದಿಕೊಂಡು ಬರುತ್ತಿತ್ತು.

ಟೀಚರ್ ದುರ್ಬೀನು ಕೆಳಗಿಳಿಸಿದರು.

“ಇದೊಂದಕ್ಕೆ ಯಾಕೋ ತಡವಾಯ್ತಲ್ಲ. ಮುಂದಿನ ವಾರ ಒಡೆಯಬಹುದು.”

“ಒಡೆಯಲ್ಲ ಟೀಚರ್.”

“ನಿನಗೆ ಹೇಗೆ ಗೊತ್ತು?”

ದಾಕ್ಷಾಯಿಣಿ ಹೊಳೆಯ ಕಡೆ ನೋಡುತ್ತಲೇ ಹೇಳಿದಳು. “ಲ್ಯಾಬಿನಲ್ಲಿ ನೋಡಿದ್ದೀನಿ. ಅತಿಯಾಗಿ ಬಿಸಿ ತಾಗಿ ಒಮ್ಮೆ ಕೆಟ್ಟ ರಕ್ತ ಮತ್ತೆ ಸರಿಹೋಗಲ್ಲ. ಮೊಟ್ಟೆಯೊಳಗಿನ ಜೀವವೂ ಅಷ್ಟೇ. ಆ ದಿನ ಮುಕ್ಕಾಲು ಗಂಟೆ ಅದನ್ನ ಕೂರೋಕೆ ಬಿಡಲಿಲ್ಲ ನಾನು.”

ಎಲ್ಲವನ್ನೂ ಹೇಳಿದಳು. ಗುರುವಾರ, ರಜೆ, ಪ್ರದರ್ಶನ, ಕೈ ಕುಲುಕಿದವನು.

ಟೀಚರ್ ಬಯ್ಯಲಿಲ್ಲ. “ಫೋಟೊ ತೋರಿಸು,” ಅಂದರು.

ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

“ತುಂಬಾ ಚೆನ್ನಾಗಿದೆ. ಒಂದೊಂದು ಗರಿಯೂ ಎಣಿಸಬಹುದು. ಬಾಯಿ ತೆರೆದಿದೆಯಲ್ಲ, ಏನು ಹೇಳ್ತಿದೆ?”

“ಹೋಗು ಅಂತ.”

“ಆಗ ಕೇಳಿಸಲಿಲ್ವಾ?”

“ಕೇಳಿಸ್ತು. ಕೇಳಿಸಿದ್ದಕ್ಕೇ ಇನ್ನೂ ತೆಗೆದೆ. ಬಾಯಿ ತೆರೆದಾಗ ಚೆನ್ನಾಗಿ ಬರುತ್ತೆ ಅಂತ.” ಮೊಬೈಲು ಕಿತ್ತುಕೊಂಡು ಅಳಿಸಲು ಹೋದಳು.

ಟೀಚರ್ ಅವಳ ಕೈ ಹಿಡಿದರು. “ಅಳಿಸಬೇಡ. ಕೆಳಗೆ ಮೂಲೆಯಲ್ಲಿ ನೋಡು.”

ಚಿತ್ರದ ಕೆಳಮೂಲೆಯಲ್ಲಿ, ಫೋಕಸ್ಸಿನ ಹೊರಗೆ, ಮೂರು ಮೊಟ್ಟೆಗಳಿದ್ದವು. ನೆರಳಿಲ್ಲದೆ. ಪ್ರದರ್ಶನದಲ್ಲಿ ಅವುಗಳನ್ನು ಯಾರೂ ಗಮನಿಸಿರಲಿಲ್ಲ. ಅವಳೂ ಗಮನಿಸಿರಲಿಲ್ಲ.

“ಅವು ಜೀವಂತ ಇದ್ದವು ಅನ್ನೋದಕ್ಕೆ ಇದೊಂದೇ ಗುರುತು,” ಅಂದರು ಟೀಚರ್.

ಆಮೇಲೆ ಅವಳ ಚೀಲದಿಂದ ಕನ್ವರ್ಟರ್ ತೆಗೆದು, ಕ್ಯಾಮರಾಕ್ಕೆ ಕೂಡಿಸಿ ಅವಳ ಕೈಗೆ ಕೊಟ್ಟರು.

“ನೋಡು.”

“ಫೋಟೊ ತೆಗೆಯಲಾ?”

“ನೋಡು ಅಂದೆ.”

ಅವಳು ನೋಡಿದಳು. ಮಂಕಾದ ಬೆಳಕಿನಲ್ಲಿ ಹಕ್ಕಿ ಹೊಟ್ಟೆಯ ಗರಿ ಉಬ್ಬಿಸಿ, ಎಚ್ಚರಿಕೆಯಿಂದ ಒಂದೊಂದೇ ಹೆಜ್ಜೆಯಿಟ್ಟು, ಮೊಟ್ಟೆಗಳ ಮೇಲೆ ಕೂತಿತು.

ಆ ದಿನದಿಂದ ಅವಳು ಡ್ಯೂಟಿಗೆ ಮುಂಚೆ ದಿನವೂ ಬಂದಳು. ಮರದ ಕೆಳಗೆ ಕೂತು ನೋಡುತ್ತಿದ್ದಳು. ಕೆಲವು ದಿನ ಟೀಚರೂ ಬಂದು ಪಕ್ಕದಲ್ಲಿ ಕೂರುತ್ತಿದ್ದರು.

ಹನ್ನೊಂದನೆಯ ದಿನ ಹಕ್ಕಿ ನೀರಿಗೆ ಹೋಯಿತು. ಹೊಟ್ಟೆ ಅದ್ದಿಕೊಂಡಿತು. ಬಂದು ಗುಳಿಯ ಪಕ್ಕದಲ್ಲಿ ನಿಂತಿತು. ಕೂರಲಿಲ್ಲ. ಗರಿಯ ನೀರೆಲ್ಲ ಮರಳಿಗೆ ಇಳಿಯುವವರೆಗೆ ನಿಂತಿದ್ದು, ಹೊಳೆಗುಂಟ ಕೆಳಕ್ಕೆ ಹಾರಿಹೋಯಿತು.

ಆ ದಿನ ಡ್ಯೂಟಿಗೂ ಹೋಗದೆ ಮಧ್ಯಾಹ್ನದವರೆಗೂ ಕಾದಳು. ಅದು ಬರಲಿಲ್ಲ. ಮರುದಿನವೂ ಬರಲಿಲ್ಲ.

ಆ ಭಾನುವಾರ ದಾಕ್ಷಾಯಿಣಿ ಕ್ಯಾಮರಾ ಚೀಲವನ್ನು ಟೀಚರ್ ಮನೆಯ ಜಗಲಿಯ ಮೇಲಿಟ್ಟಳು.

“ಇದು ನಿಮ್ಮಲ್ಲೇ ಇರಲಿ. ನನಗೆ ಯೋಗ್ಯತೆ ಇಲ್ಲ.”

ಟೀಚರ್ ಹುಣಸೆಹಣ್ಣು ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

“ನನಗಾಗ ನಿನ್ನದೇ ವಯಸ್ಸು. ದಾಳಿಂಬೆ ಗಿಡದಲ್ಲಿ ಸಿಂಪಿಗ ಹಕ್ಕಿ ಎಲೆ ಹೊಲಿದು ಗೂಡು ಮಾಡಿತ್ತು. ಒಳಗೆ ನಾಲ್ಕು ಮರಿ. ಬೆಳಕು ಸಾಲದು ಅಂತ ಸುತ್ತಲಿನ ಎಲೆಗಳನ್ನ ದಾರ ಕಟ್ಟಿ ಸರಿಸಿದೆ.”

“ಆಮೇಲೆ?”

“ಫೋಟೊ ಚೆನ್ನಾಗಿ ಬಂತು. ದಾರ ಬಿಚ್ಚೋದು ಮರೆತೆ. ಕಾಗೆಗೆ ಗೂಡು ಕಾಣಿಸಿತು.”

ದಾಕ್ಷಾಯಿಣಿ ಜಗಲಿಯ ಮೇಲೆ ಕೂತಳು. ಟೀಚರ್ ಒಂದು ಹಿಡಿ ಹಣ್ಣನ್ನು ಅವಳ ಮಡಿಲಿಗೆ ಹಾಕಿದರು. ಅವಳೂ ಸುಲಿಯತೊಡಗಿದಳು. ಕೈಯಾಡಿಸುತ್ತಲೇ ಕೇಳಿದಳು.

“ಅದನ್ನ ಮರೆಯೋದಕ್ಕೆ ನಿಮಗೆ ಎಷ್ಟು ವರ್ಷ ಬೇಕಾಯ್ತು ಟೀಚರ್?”

“ಮರೆತ ದಿನ ಹೇಳ್ತೀನಿ.”